ನಮ್ಮ ಡಬ್ಬಾ ಕಾರು: ಭಾಗ 3

ದೋಸ್ತ್ರ, ‘ಆ ಡಬ್ಬಾ ಯಾಕ ತಗೊಂಡಿ?’ ಅಂತ ಕೇಳೋರಿಗೆ ಉತ್ತರ ಇದು.

2004ರ ಮಾರುತಿ 800. 796 ಸಿಸಿ, ಮೂರ ಸಿಲಿಂಡರ್, ಎಸಿ ಇಲ್ಲ. ಹಿಂದಿನ ಮಾಲಕರು ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೇರ್ತಿದ್ರಂತ. ಹಿಂದಿನ ಸೀಟಿನಾಗ ಕೂತವರಿಗೆ ಇನ್ನೂ ಸೀನು. ಈ ಗಾಡಿ ತಯಾರಾಗೋದು 2014ರಲ್ಲೇ ನಿಂತೈತಿ, ಆದ್ರ ಇದರ ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ನಮ್ಮ ಕಡೆ ಇಲ್ಲ. 15 ವರ್ಷ ದಾಟಿದ್ದು; ಐದೈದು ವರ್ಷಕ್ಕ ಆರ್‌ಸಿ ರಿನೀವಲ್ ಬ್ಯಾರೆ ಖರ್ಚು.

ಬೈಕಿಗೆ ಕೂಡಿಸಿದ ರೊಕ್ಕ ಇದಕ್ಕ ಹಾಕಿದೆ ಅಂತ ಅಪ್ಪ ಎಂಟು ದಿನ ಮಾತಾಡ್ಲಿಲ್ಲ. ಆದ್ರ ಅಜ್ಜಿ ಬೈಕ್ ಹತ್ತೂದಿಲ್ಲ. ಮೊಣಕಾಲು ನೋವು. ಊರಾಗ ಇದ್ದೂ ಕಾಂತೇಶನ ಗುಡಿಗೆ ಹೋಗಿ ಎರಡು ವರ್ಷ ಆಗಿತ್ತು.

ಶನಿವಾರ ಅಜ್ಜಿನ್ನ ಮುಂದಿನ ಸೀಟಿನಾಗ ಕೂಡಿಸ್ಕೊಂಡು ಹೊಂಟೆ. ಅಪ್ಪ ಸುಮ್ನ ಬಂದು ಹಿಂದ ಕೂತ. ಗುಡಿ ಹತ್ರ ಗಾಡಿ ಬಂದ್! ಸೀನಕೋತ ಇಳದು ದೂಡಿದ್ದು ಅಂವನ.