ಹೊಸ ಬೈಕೂ ಅಪ್ಪನ ಹಸುವೂ

ಅಡಿಕೆ ಮಾರಿದ ದುಡ್ಡಿಗೆ ಸಾಲ ಸೇರಿಸಿ ಅಪ್ಪ ನಮ್ಮಿಬ್ಬರು ಅಣ್ಣತಮ್ಮಂದಿರಿಗೆ 200 ಸಿಸಿ ಬೈಕ್ ಕೊಡಿಸಿದರು. ಶುರುವಿನಲ್ಲಿ ಜೋರು ಓಡಿಸಬೇಡಿ ಎಂದು ಪುಸ್ತಕದಲ್ಲಿತ್ತು. ನಾವು ಓದಲಿಲ್ಲ. ಮೂರನೇ ದಿನವೇ ಹೈವೇಯಲ್ಲಿ ನೂರು ದಾಟಿಸಿದೆವು.

ವರ್ಷದೊಳಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡಿತು. ಕಂಡೂ ಸುಮ್ಮನಿದ್ದೆವು. ಒಂದು ದಿನ ಸಂತೆಗೆ ಹೋಗುವಾಗ ಇಂಜಿನ್ ಜಾಮ್! ಮೆಕ್ಯಾನಿಕ್ ಬಿಚ್ಚಿ ನೋಡಿ, ‘ಆಯಿಲ್ ಸೋರಿಲ್ಲ, ಉರಿದುಹೋಗಿದೆ’ ಎಂದರು.

ಹೊಸ ಸಿಲಿಂಡರಿನ ಒಳಗೋಡೆಯಲ್ಲಿ ಸಣ್ಣ ಗೀರುಗಳಿರುತ್ತವೆ. ಪಿಸ್ಟನ್ ರಿಂಗುಗಳು ಅದಕ್ಕೆ ಉಜ್ಜಿಕೊಂಡು ಹೊಂದಿಕೊಳ್ಳಬೇಕು. ಹೊಂದದಿದ್ದರೆ ಆಯಿಲ್ ಮೇಲೇರಿ ಪೆಟ್ರೋಲ್ ಜೊತೆ ಉರಿಯುತ್ತದೆ. ಹಾಗಂತ ಒಂದೇ ವೇಗದಲ್ಲಿ ಮೆಲ್ಲಗೆ ಓಡಿಸುವುದೂ ಸರಿಯಲ್ಲ. ವೇಗ ಹೆಚ್ಚು ಕಡಿಮೆ ಆಗುತ್ತಿರಬೇಕು. ಬಿಎಂಡಬ್ಲ್ಯು ಕಂಪನಿಯ ಎಂ ಕಾರುಗಳಿಗೂ ಮೊದಲ 2000 ಕಿ.ಮೀ. ಇಂಥದ್ದೇ ಪಥ್ಯ. ಅದು ಮುಗಿದ ಮೇಲೆ ಆಯಿಲ್ ಬದಲಿಸುತ್ತಾರೆ.

ಜೋರು ಓಡಿಸಿದ್ದರಿಂದ ಆಯಿಲ್ ಉರಿದಿರಬಹುದು. ಆದರೆ ಇಂಜಿನ್ ಹೋದದ್ದು ನಾವು ಆಯಿಲ್ ನೋಡದೆ ಬಿಟ್ಟಿದ್ದಕ್ಕೆ. ಕಮ್ಮಿಯಾದಾಗ ಒಂದಿಷ್ಟು ಹಾಕಿದ್ದರೆ ಉಳಿಯುತ್ತಿತ್ತು.

ಅಪ್ಪ ಬೈಯಲಿಲ್ಲ. ಹಸು ಮಾರಿ ರಿಪೇರಿ ಮಾಡಿಸಿದರು.

ಈಗ ಪ್ರತಿ ಭಾನುವಾರ ಬೈಕನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಆಯಿಲ್ ನೋಡುತ್ತೇವೆ. ಎರಡು ನಿಮಿಷದ ಕೆಲಸ. ಪಕ್ಕದಲ್ಲೇ ಖಾಲಿ ಕೊಟ್ಟಿಗೆ.