ಹಿಮದ ನಾಡಿನಲ್ಲಿ ಹಾರುವ ಮುನ್ನ

ಅಲಾಸ್ಕದ ನಡುನಾಡಿನಲ್ಲಿ ಫೇರ್‌ಬ್ಯಾಂಕ್ಸ್ ಎಂಬ ಪಟ್ಟಣವಿದೆ. ಡಿಸೆಂಬರ್ ತಿಂಗಳ ಕೊನೆಯಲ್ಲಿ ಅಲ್ಲಿಯ ಹಗಲಿನ ಆಯುಷ್ಯ 4 ಗಂಟೆಗಿಂತಲೂ ಕಡಿಮೆ. ಸೂರ್ಯನು ದಿಗಂತದ ಅಂಚಿನಲ್ಲಿ ಮುಖ ತೋರಿಸಿ, ಮೇಲೇರುವ ಮನಸ್ಸಿಲ್ಲದವನಂತೆ ಅಲ್ಲಿಯೇ ಮರೆಯಾಗುವನು. ಚಳಿಯು ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿಯುವುದೂ ಉಂಟು. ಅಂತಹ ದಿನಗಳಲ್ಲಿ ಅಂಗಳದಲ್ಲಿ ನಿಂತ ಮೋಟಾರುಗಳ ಮೂತಿಗೆ ವಿದ್ಯುತ್ ತಂತಿಯನ್ನು ಸಿಕ್ಕಿಸಿ, ಎಂಜಿನ್ನನ್ನು ಬೆಚ್ಚಗಿಡುವುದು ಆ ಊರಿನ ನಿತ್ಯದ ನೋಟ.

ಈ ನಾಡಿನಲ್ಲಿ ಚಿಕ್ಕ ವಿಮಾನವು ಸಿರಿವಂತರ ಆಟಿಕೆಯಲ್ಲ. ಹತ್ತು ಊರುಗಳಲ್ಲಿ ಎಂಟಕ್ಕೆ ಹೊರಗಿನಿಂದ ರಸ್ತೆಯ ಸಂಪರ್ಕವಿಲ್ಲ. ಟಪಾಲು, ಔಷಧಿ, ದಿನಸಿ ಎಲ್ಲವೂ ಆಕಾಶಮಾರ್ಗವನ್ನೇ ನೆಚ್ಚಿವೆ. ಹೆರಿಗೆಗೆ ಹೊರಟ ಗರ್ಭಿಣಿಯೂ ಅದೇ ದಾರಿಯನ್ನು ಹಿಡಿಯಬೇಕು.

ಇದಕ್ಕೆ ನಾಂದಿ ಹಾಡಿದವರಲ್ಲಿ ಒಬ್ಬನು ಕಾರ್ಲ್ ಬೆನ್ ಐಲ್ಸನ್, ಫೇರ್‌ಬ್ಯಾಂಕ್ಸಿಗೆ ಶಾಲಾ ಉಪಾಧ್ಯಾಯನಾಗಿ ಬಂದವನು. 1924ರ ಫೆಬ್ರವರಿ 21ರಂದು ಆತನು ಟಪಾಲಿನ ಚೀಲಗಳನ್ನು ಹೊತ್ತು ಮೆಕ್‌ಗ್ರಾತ್ ಎಂಬ ಊರಿಗೆ ಹಾರಿದನು. ನಾಯಿಬಂಡಿಗೆ ಎರಡು ವಾರಕ್ಕೂ ಮಿಗಿಲಾಗಿ ಹಿಡಿಯುತ್ತಿದ್ದ ಆ ದಾರಿಯನ್ನು ವಿಮಾನವು 3 ಗಂಟೆಯೊಳಗೆ ಮುಗಿಸಿತು.

ಆ ಕಾಲದ ಚಾಲಕರು ಸಂಜೆ ಇಳಿದೊಡನೆ ಎಂಜಿನ್ನಿನ ಎಣ್ಣೆಯನ್ನೆಲ್ಲ ಬಸಿದು, ರಾತ್ರಿಯಿಡೀ ಒಲೆಯ ಬಳಿಯಲ್ಲಿಟ್ಟು ಕಾಯುತ್ತಿದ್ದರು. ಬೆಳಗ್ಗೆ ವಿಮಾನದ ಮೂತಿಗೆ ಕ್ಯಾನ್‌ವಾಸಿನ ಗುಡಾರ ಹೊದಿಸಿ, ಅದರೊಳಗೆ ಬೆಂಕಿಯ ಕುಂಡವಿಟ್ಟು, ಎಂಜಿನ್ ಕಾದ ಮೇಲೆ ಬಿಸಿ ಎಣ್ಣೆಯನ್ನು ಸುರಿಯುತ್ತಿದ್ದರು. ಕಾವಲಿರುವವನು ಕೊಂಚ ಮೈಮರೆತರೆ ಗುಡಾರದೊಡನೆ ವಿಮಾನವೂ ಭಸ್ಮ!

ಇಂದು ಬೆಂಕಿಯ ಕುಂಡದ ಬದಲು ವಿದ್ಯುತ್ ಕಾವುಗಳು ಬಂದಿವೆ, ಮೂತಿಗೆ ದಪ್ಪನೆಯ ಹೊದಿಕೆಗಳು ಬಂದಿವೆ. ಆದರೆ ಚಳಿಯ ಸ್ವಭಾವ ಬದಲಾಗಿಲ್ಲ. ಕೊರೆಯುವ ಚಳಿಯಲ್ಲಿ ಎಣ್ಣೆಯು ಪಾಕದಂತೆ ಮಂದವಾಗುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಕವಚವು ಒಳಗೆ ತಿರುಗುವ ಉಕ್ಕಿನ ದಂಡಕ್ಕಿಂತ ಹೆಚ್ಚಾಗಿ ಕುಗ್ಗುವುದರಿಂದ, ನಡುವಿನ ಕಿರಿದಾದ ಸಂದು ಇನ್ನಷ್ಟು ಕಿರಿದಾಗುತ್ತದೆ. ಕಾಯಿಸದೆ ಎಬ್ಬಿಸಿದ ಎಂಜಿನ್ನು ಕೆಲವೇ ಕ್ಷಣಗಳಲ್ಲಿ ವರ್ಷಗಳ ಸವೆತವನ್ನು ಅನುಭವಿಸಬಹುದು. ಒಳಗಿನ ಆವಿಯನ್ನು ಹೊರಬಿಡುವ ಸಣ್ಣ ಕೊಳವೆಯ ಬಾಯಿ ಮಂಜಿನಿಂದ ಮುಚ್ಚಿದರೂ ಅಪಾಯವೇ. ಒತ್ತಡ ಹೆಚ್ಚಿ, ಬಿರಡೆ ಸಿಡಿದು, ಎಣ್ಣೆಯು ನಡು ಆಕಾಶದಲ್ಲಿ ಸೋರಿಹೋಗುವುದು.

ರೆಕ್ಕೆಯ ಮೇಲಿನ ಹಿಮವಂತೂ ಮೋಸಗಾರ. ಮೊಳದುದ್ದ ಬಿದ್ದ ಹಿಮವನ್ನು ಯಾರಾದರೂ ಕಂಡು ಗುಡಿಸುವರು. ರಾತ್ರಿ ಸದ್ದಿಲ್ಲದೆ ಹೆಪ್ಪುಗಟ್ಟಿದ ಇಬ್ಬನಿಯ ತೆಳುಪದರವನ್ನು ಮಾತ್ರ ಅಲಕ್ಷಿಸುವ ಆಸೆಯಾಗುತ್ತದೆ. ಬಡಗಿಯು ಮರವನ್ನು ಉಜ್ಜುವ ಉಪ್ಪುಕಾಗದದಷ್ಟು ಒರಟಾದ ಪದರವಿದ್ದರೂ ಸಾಕು, ರೆಕ್ಕೆಯು ಎತ್ತುವ ಶಕ್ತಿ ಶೇಕಡಾ 30ರಷ್ಟು ಕುಂದಬಹುದು. ಗಾಳಿಯ ಎಳೆತ ಶೇಕಡಾ 40ರವರೆಗೆ ಏರಬಹುದು. ಆದುದರಿಂದಲೇ ಅಲ್ಲಿಯವರು ರಾತ್ರಿ ರೆಕ್ಕೆಗಳಿಗೆ ಹೊದಿಕೆ ಹಾಕುವರು. ಬೆಳಗ್ಗೆ ಬರಿಗೈಯಿಂದ ತಡವಿ ನೋಡುವರು. ಕಣ್ಣು ನಂಬಿದುದನ್ನು ಬೆರಳು ಒಮ್ಮೊಮ್ಮೆ ಅಲ್ಲಗಳೆಯುವುದು.

ಬಳಿಕ ಪೆಟ್ರೋಲನ್ನು ತುಸು ಬಸಿದು, ನೀರಿನ ಅಂಶವಿದೆಯೇ ಎಂದು ನೋಡಬೇಕು. ಒಂದು ಹನಿ ನೀರು ಗಡ್ಡೆಯಾದರೂ ಕೊಳವೆ ಕಟ್ಟೀತು. ಪ್ರಯಾಣಿಕರನ್ನು ಬೆಚ್ಚಗಿಡುವ ಗಾಳಿಯು ಎಂಜಿನ್ನಿನ ಹೊಗೆಕೊಳವೆಯ ಸುತ್ತ ಹಾದು ಬರುತ್ತದೆ. ಆ ಕೊಳವೆಯಲ್ಲಿ ಕೂದಲೆಳೆಯ ಬಿರುಕಿದ್ದರೆ, ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲವು ಒಳಸೇರಿ ಚಾಲಕನನ್ನು ನಿದ್ರೆಗೆ ಎಳೆಯುವುದು.

ಕೊನೆಗೆ ಮೂಟೆ ಕಟ್ಟುವ ಕೆಲಸ. ಒಂದು ವಾರಕ್ಕೆ ಸಾಕಾಗುವ ಆಹಾರ, ಬೆಂಕಿ ಹೊತ್ತಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕಂಬಳಿ, ಮಲಗುವ ಚೀಲ. ದಾರಿಯಲ್ಲಿ ಇಳಿಯಬೇಕಾಗಿ ಬಂದರೆ, ಹುಡುಕುವವರು ಬರುವವರೆಗೆ ಇವೇ ಬಂಧುಬಳಗ.

ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಆ ಅಲ್ಪ ಹಗಲಿನ ಒಂದು ಗಂಟೆ ಕಳೆದಿರುತ್ತದೆ. ಅತ್ತ ದೂರದ ಹಳ್ಳಿಯಲ್ಲಿ ಔಷಧಿಗಾಗಿ ಯಾರೋ ಕಾದಿರುತ್ತಾರೆ. ಒಂದು ಕೆಲಸವನ್ನು ಬಿಟ್ಟರೆ ಬೇಗ ಹೊರಡಬಹುದಲ್ಲ ಎಂಬ ಆಸೆ ಹುಟ್ಟುವುದು ಆಗಲೇ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯಿಲ್ಲ. ತಲುಪದ ವಿಮಾನದಿಂದ ಆ ರೋಗಿಗೆ ಏನೂ ದೊರೆಯದು.

ಎಲ್ಲ ಸಿದ್ಧತೆಗೂ ಮೀರಿದ ಬಿರುಗಾಳಿಗಳೂ ಇವೆ. 1929ರ ನವೆಂಬರಿನಲ್ಲಿ, ಹಿಮದಲ್ಲಿ ಸಿಲುಕಿದ್ದ ಹಡಗೊಂದರತ್ತ ಹಾರುತ್ತಿದ್ದಾಗ ಐಲ್ಸನನೂ ಆತನ ಜೊತೆಗಾರನೂ ಸೈಬೀರಿಯದ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಮಡಿದರು. ಫೇರ್‌ಬ್ಯಾಂಕ್ಸಿನ ಸಮೀಪದ ವಾಯುನೆಲೆಯೊಂದು ಆತನ ಹೆಸರನ್ನು ಹೊತ್ತಿದೆ. ಆಕಾಶ ಒಪ್ಪದ ದಿನ ಕಾಯಿಸಿದ ಎಂಜಿನ್ನಿಗೆ ಮತ್ತೆ ಹೊದಿಕೆ ಹೊದಿಸಿ, ವಿಮಾನವನ್ನು ನೆಲಕ್ಕೆ ಬಿಗಿದು ಮನೆಗೆ ನಡೆಯುವ ಚಾಲಕರು ಆ ಊರಿನಲ್ಲಿದ್ದಾರೆ. ಅವರನ್ನು ಅಲ್ಲಿ ಯಾರೂ ಹೇಡಿಗಳೆನ್ನರು.