ಬಿಟ್ಟವರು ಮತ್ತು ಉಳಿದವರು

ಮಳಖೇಡದ ಕಾಗಿಣೆಯ ದಡದಲ್ಲಿ ಟೀಕಾಚಾರ್ಯರ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದವರು. ಕುದುರೆಯ ಮೇಲೆ ಕುಳಿತಂತೆಯೇ ನದಿಗೆ ಬಾಯಿಕೊಟ್ಟು ಎತ್ತಿನಂತೆ ನೀರು ಕುಡಿದ ತರುಣನನ್ನು ಅಕ್ಷೋಭ್ಯತೀರ್ಥರು ಕಂಡು ಕರೆದರಂತೆ. ಆತನು ಸಿರಿಯ ಮನೆಯನ್ನು ತೊರೆದು ಶಿಷ್ಯನಾದನಂತೆ. ತಂದೆಯು ಹಿಂದಕ್ಕೆ ಕರೆತಂದು ಹೆಂಡತಿಯಿದ್ದ ಕೋಣೆಗೆ ಕಳುಹಿಸಲು, ಆಕೆಯ ಕಣ್ಣಿಗೆ ಗಂಡನು ಸರ್ಪವಾಗಿ ತೋರಿದನು. ತಂದೆ ಸೋತನು, ಮಗನು ಜಯತೀರ್ಥರೆಂಬ ಯತಿಯಾದನು. ಆ ಹೆಣ್ಣುಮಗಳು ಆಮೇಲೆ ಏನಾದಳೆಂದು ಮಾತ್ರ ಕಥೆ ಹೇಳುವವರು ಹೇಳುತ್ತಿರಲಿಲ್ಲ. ನಮ್ಮ ಆಯಿ ಪ್ರತಿಸಲವೂ ಅದನ್ನೇ ಕೇಳುತ್ತಿದ್ದಳು. ಕೇಳಲು ಆಕೆಗೆ ಕಾರಣವಿದ್ದಿತು.

ನಮ್ಮ ಮುತ್ಯಾ ಕಲ್ಲುಗಣಿಯಲ್ಲಿ ಫರಸಿ ಸೀಳುವವರು. ಮೂವತ್ತು ದಾಟಿದ ಮೇಲೆ, ಮನೆಯಲ್ಲಿ ಯಾರನ್ನೂ ಕೇಳದೆ, ದೀಕ್ಷಾಸ್ನಾನ ಹೊಂದಿದರು. ಅಣ್ಣತಮ್ಮಂದಿರು ಹೊಲದ ಪಾಲನ್ನು ತಡೆದರು. ಬಾವಿಯ ಬಳಿ ಹಗ್ಗವನ್ನು ಎಳೆದುಕೊಂಡರು. ಆಯಿ ಹಸುಗೂಸನ್ನು ಎತ್ತಿಕೊಂಡು ಸೇಡಮ್ಮಿನ ತವರಿಗೆ ನಡೆದಳು.

ಇಂತಹ ಲೆಕ್ಕವು ನಮ್ಮೊಂದು ಮನೆಯದಲ್ಲ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ತರುಣರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರಿಂದಾಗಿ ಕ್ರೈಸ್ತರಾಗಿ, ಗುರುವಿನ ಹೆಸರನ್ನೂ ಧರಿಸಿದರು. ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಪಟ್ಟ ಪಡೆದರು. ಅಸ್ಪೃಶ್ಯರೆನಿಸಿಕೊಂಡಿದ್ದವರಿಗೆ ನೆಲೆಯಾದ ಕೊಡಗಿನ ಆನಂದಪುರಕ್ಕೆ ಅವರದೇ ಹೆಸರು. ಇದಕ್ಕಿಂತ ದೊಡ್ಡ ಫಲ ಶಿಷ್ಯನಿಗೆ ಬೇಕೆ? ಆದರೆ ಕೈಹಿಡಿದ ಹೆಂಡತಿ ಅವರೊಡನೆ ಬರಲಿಲ್ಲ. ವರ್ಷಗಳು ಕಳೆದ ಮೇಲೆ ಅವರು ಜರ್ಮನ್ ಮಹಿಳೆಯೊಬ್ಬರನ್ನು ವರಿಸಿದರು. ಕೌಂಡಿನ್ಯರ ತ್ಯಾಗವನ್ನು ಓದುವಾಗಲೆಲ್ಲ ನಮ್ಮ ಮನಸ್ಸು ಹಿಂದೆ ಉಳಿದ ಆ ಹೆಂಡತಿಯ ಕಡೆಗೇ ಹರಿಯುತ್ತದೆ. ಬಿಟ್ಟವನಿಗೆ ತಾನು ಯಾರಿಗಾಗಿ ಬಿಟ್ಟೆನೆಂಬ ಅರಿವಾದರೂ ಉಂಟು. ಉಳಿದವಳಿಗೆ?

ನಮ್ಮ ಆಯಿ ಐದನೆಯ ವರ್ಷ ಮರಳಿ ಬಂದಳು. ನಂಬಿ ಬಂದಳೆಂದರೆ ಸುಳ್ಳಾದೀತು. ಮುತ್ಯಾ ಜ್ವರದಿಂದ ಮಲಗಿದ್ದಾರೆಂದು ಕೇಳಿ ಬಂದಳು. ಮೊದಲ ವರ್ಷವೆಲ್ಲ ಬೇರೆ ಒಲೆ ಹೂಡಿ ತನ್ನ ರೊಟ್ಟಿ ತಾನೇ ಬಡಿದುಕೊಂಡಳು. ಮುತ್ಯಾ ಒಂದು ಮಾತನ್ನೂ ಆಡಲಿಲ್ಲ. ಸಭೆಯ ಹಿರಿಯರೊಬ್ಬರು ಆಕ್ಷೇಪಿಸಿದಾಗ, “ನಾ ಅಕೀನ್ನ ಕೇಳದ ಹೋದೆ. ಈಗ ಅಕಿ ನನ್ನ ಮಾತು ಕೇಳದಿದ್ರ ತಪ್ಪೇನು?” ಎಂದರಂತೆ. ನಮ್ಮ ವಂಶದಲ್ಲಿ ಇದಕ್ಕಿಂತ ಒಳ್ಳೆಯ ಉಪದೇಶವನ್ನು ಯಾರೂ ಮಾಡಿದ್ದನ್ನು ನಾವು ಕೇಳಿಲ್ಲ.

ಅವರಿಗೆ ದೊರೆತದ್ದೇನು? ಹೊಲ ಬರಲಿಲ್ಲ. ಆದರೆ ಸಭೆಯಲ್ಲಿ ಅಕ್ಷರ ಕಲಿತರು. ಹಗ್ಗ ಎಳೆದುಕೊಂಡವರೇ ಕಾಗದ ಬಂದಾಗ ಓದಿಸಿಕೊಳ್ಳಲು ನಮ್ಮ ಕಟ್ಟೆಗೆ ಬರತೊಡಗಿದರು. ರಾತ್ರಿ ಕಂದೀಲಿನ ಬೆಳಕಿನಲ್ಲಿ ಮುತ್ಯಾ ಸುವಾರ್ತೆಯನ್ನು ಗಟ್ಟಿಯಾಗಿ, ಅಕ್ಷರ ಅಕ್ಷರ ಕೂಡಿಸಿ ಓದುವರು. ಕಂದೀಲಿನ ಗಾಜನ್ನು ಒರೆಸಿಡುವವಳು ಆಯಿಯೇ. ಕೇಳಿಸಿಕೊಳ್ಳದವಳಂತೆ ಅತ್ತ ಮುಖಮಾಡಿ ತೊಗರಿಬೇಳೆ ಆರಿಸುವಳು, ಅವರು ಉಸಿರಿಗಾಗಿ ತುಸು ನಿಂತರೆ ಸಾಕು, “ಯಾಕ ನಿಲ್ಲಿಸಿದ್ರಿ?” ಎನ್ನುವಳು.